ಕಲ್ಲು ತೊಳೆದ ಸದ್ದು

ಶಿಕ್ಷಕರಿಗೆ ಬ್ಲಾಗು ಬರೆಯುವುದನ್ನೂ ಪಾಡ್‌ಕಾಸ್ಟ್ ಮಾಡುವುದನ್ನೂ ಕಲಿಸುವ ತರಬೇತಿಗಳಿಗೆ ಈಗಲೂ ನನ್ನನ್ನು ಕರೆಯುತ್ತಾರೆ. ಹೋಗುತ್ತೇನೆ. ಮಕ್ಕಳ ಧ್ವನಿ ತರಗತಿಯ ಗೋಡೆ ದಾಟಬೇಕು, ಊರೇ ಅದನ್ನು ಕೇಳಬೇಕು ಎಂದು ಯಾರಾದರೂ ಮೈಕಿನ ಮುಂದೆ ಹೇಳಿದಾಗ ಸಭೆ ಚಪ್ಪಾಳೆ ತಟ್ಟುತ್ತದೆ. ಆ ಹೊತ್ತಿನಲ್ಲಿ ನಾನು ಕೋಣೆಗೆ ಎಷ್ಟು ಬಾಗಿಲುಗಳಿವೆ, ಚಿಲಕ ಒಳಗಿದೆಯೋ ಹೊರಗಿದೆಯೋ ಎಂದು ನೋಡುತ್ತಿರುತ್ತೇನೆ.

ತೊಂಬತ್ತರ ದಶಕದ ಕೊನೆಯಲ್ಲಿ ಅದೇ ಮಾತನ್ನು ತಮಿಳುನಾಡಿನ ಕಂಬಂ ಕಣಿವೆಯ ಶಾಲೆಗಳಲ್ಲಿ ಹೇಳಿಕೊಂಡು ತಿರುಗಿದವನು ನಾನೇ. ಆಗ ನಮ್ಮ ಕೈಯಲ್ಲಿ ಇದ್ದದ್ದು ಟೇಪ್ ರೆಕಾರ್ಡರು ಮತ್ತು ದೊಡ್ಡ ಬಿಳಿ ಹಾಳೆಗಳು. ಮಕ್ಕಳು ಊರಲ್ಲಿ ಕೇಳಿದ್ದನ್ನು ಕ್ಯಾಸೆಟ್ಟಿಗೆ ತುಂಬಬೇಕು; ಕಂಡದ್ದನ್ನು ಹಾಳೆಯಲ್ಲಿ ಬರೆದು ಶಾಲೆಯ ಹೊರಗೋಡೆಗೆ ಅಂಟಿಸಬೇಕು. ನಾನು ಕೆಲಸಕ್ಕಿದ್ದ ಸಂಸ್ಥೆಯ ಕಚೇರಿ ದಿಂಡಿಗಲ್ಲಿನಲ್ಲಿತ್ತು. ಶಿಕ್ಷಕರ ತರಬೇತಿ ನಡೆಯುತ್ತಿದ್ದದ್ದು ಉತ್ತಮಪಾಳಯದ ಒಂದು ಮದುವೆ ಮಂಟಪದಲ್ಲಿ, ಮುಹೂರ್ತಗಳಿಲ್ಲದ ದಿನ ನೋಡಿಕೊಂಡು.

ಆ ತರಬೇತಿಗೆ ತೇವಾರದ ಕಡೆಯ ಒಬ್ಬ ಶಿಕ್ಷಕಿ ಬಂದಿದ್ದಳು. ಇಪ್ಪತ್ತಾರು, ಇಪ್ಪತ್ತೇಳರ ಹೆಣ್ಣು, ಚಿನ್ನಮನೂರಿನಾಚೆಯ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸ. ಬ್ಯಾಟರಿ ಹಾಕುವುದಕ್ಕೇ ಹೆದರುತ್ತಿದ್ದ ಮೂವತ್ತು ಜನರ ನಡುವೆ ಅವಳು ಮೊದಲ ದಿನವೇ ಮಂಟಪದ ಅಡುಗೆಯವರ ಜಗಳವನ್ನು ಪೂರ್ತಿ ರೆಕಾರ್ಡ್ ಮಾಡಿ ಎಲ್ಲರಿಗೂ ಕೇಳಿಸಿದಳು. ಊಟದ ಸಾಲಿನಲ್ಲಿ ನನ್ನ ಹಿಂದೆ ನಿಂತವಳು ಇದ್ದಕ್ಕಿದ್ದಂತೆ ಕನ್ನಡದಲ್ಲಿ ಕೇಳಿದಳು: "ಅಣ್ಣಾ, ನೀವೂ ನಮ್ಮೋರೇ ತಾನೇ?"

ನಮ್ಮವರು ಎಂದರೆ ಎಷ್ಟೋ ತಲೆಮಾರುಗಳ ಹಿಂದೆ ಈ ಕಣಿವೆಗೆ ಬಂದು ಗದ್ದೆ, ಬಾಳೆತೋಟ ಮಾಡಿಕೊಂಡ ಕನ್ನಡದ ಒಕ್ಕಲು ಮನೆಗಳವರು. ನಾವು ಓದಿದ್ದು ತಮಿಳು, ಬರೆದದ್ದು ತಮಿಳು. ಕನ್ನಡಕ್ಕೆ ನಮ್ಮ ಮನೆಗಳಲ್ಲಿ ಅಕ್ಷರವೇ ಇರಲಿಲ್ಲ. ನಾನು ಈ ಲಿಪಿ ಕಲಿತದ್ದು ಬಹಳ ತಡವಾಗಿ. ಅದು ಒಲೆಯ ಮುಂದಿನ ಮಾತು. ಅದರ ಜೊತೆಗೆ ಇನ್ನೊಂದು ಉಪಯೋಗವೂ ಇತ್ತು: ಹೊರಗಿನವರ ಕಿವಿಗೆ ಬೀಳಬಾರದ್ದನ್ನೆಲ್ಲ ನಾವು ಅವರ ಎದುರಿಗೇ ನಿಂತು ಕನ್ನಡದಲ್ಲಿ ಹೇಳುತ್ತಿದ್ದೆವು. ಬಸ್ಸಿನಲ್ಲಿ ಪಕ್ಕ ಕೂತವನ ಬಗ್ಗೆ, ತೋಟಕ್ಕೆ ಬಂದ ಆಳಿನ ಬಗ್ಗೆ, ಹೆಣ್ಣು ನೋಡಲು ಹೋದ ಊರಿನ ಬಗ್ಗೆ. ಯಾರಿಗೂ ತಿಳಿಯುವುದಿಲ್ಲ ಎಂಬುದನ್ನು ನಾವು ಹಾಲು ಕುಡಿಯುವ ಕಾಲದಿಂದಲೇ ನಂಬಿಕೊಂಡು ಬಂದವರು.

ಕೊನೆಯ ದಿನ ಅವಳು ಬಂದು ಕೇಳಿದಳು. "ತಿಂಗ್ಳಿಗೊಂದು ರಿಪೋರ್ಟ್ ಬರೀಲೇಬೇಕಾ ಅಣ್ಣಾ? ನಾನ್ ಬರ್ದದ್ದ ಹೆಡ್ ಮಾಸ್ಟ್ರು ಮೊದ್ಲು ಓದ್ತಾರೆ. ಓದಿ ಅರ್ಧ ಹೊಡ್ದಾಕ್ತಾರೆ."

"ಬರೀಬ್ಯಾಡ. ಮಕ್ಳು ಮಾತಾಡಿ ಮುಗಿಸಿದ್ ಮ್ಯಾಲೆ ಅದೇ ಕ್ಯಾಸೆಟ್‌ನಾಗೆ ನೀನು ಹೇಳು. ನಾನ್ ಕೇಳ್ಕೊಳ್ತೀನಿ."

"ಅದ್ನೂ ಅವ್ರು ಕೇಳ್ತಾರಲ್ಲ. ಕಿವಿ ಇಲ್ವಾ ಅವ್ರಿಗೆ?"

"ನಮ್ಮ ಮಾತ್ನಾಗೆ ಹೇಳು. ಕಿವಿ ಇದ್ದು ಏನ್ ಮಾಡ್ತಾರೆ?"

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು. "ಅಂಗಂದ್ರೆ ನಮ್ಮತ್ತೆ ಮ್ಯಾಲಿನ ಪುಕಾರೂ ಹೇಳ್ಬೋದು ಬಿಡಿ."

ಅದಾದ ಮೇಲೆ ಅಂಚೆಯಲ್ಲಿ ಎರಡು ಕ್ಯಾಸೆಟ್ ಬಂದವು. ಮಕ್ಕಳ ತಮಿಳು ಮುಗಿದು ಅವಳ ಕನ್ನಡ ಶುರುವಾಗುವ ಜಾಗಕ್ಕೆ ನಾನು ಕಾಯುತ್ತಿದ್ದೆ. ಅವಳು ಒಂದು ಶಾಲೆಯನ್ನು ಒಳಗಿನಿಂದ ಹೇಳುತ್ತಿದ್ದಳು: ಯಾವ ಮಗು ಯಾಕೆ ಬರುವುದಿಲ್ಲ, ಯಾರ ಪಕ್ಕ ಯಾರು ಕೂರುವುದಿಲ್ಲ. ಯಾವ ಶಿಕ್ಷಕನ ರಿಪೋರ್ಟಿನಲ್ಲೂ ನಾನು ಅಂಥದ್ದನ್ನು ಓದಿರಲಿಲ್ಲ. ಚೆನ್ನಾಗಿದೆ, ಹೀಗೇ ಮುಂದುವರಿಸು ಎಂದು ಕಾರ್ಡು ಬರೆದೆ.

ಮೂರನೆಯ ಕ್ಯಾಸೆಟ್ಟನ್ನು ನಾನು ಕೇಳಿದ್ದು ಆ ಶಾಲೆಯ ವಾರ್ಷಿಕೋತ್ಸವದಲ್ಲಿ, ಊರಿನ ಜೊತೆಗೆ ಕೂತು.

ಮಧ್ಯಾಹ್ನದ ಬಿಸಿಲು. ಶಾಮಿಯಾನದ ಕೆಳಗೆ ಮುಂದಿನ ಸಾಲಿನಲ್ಲಿ ಆ ಊರಿನ ದೊಡ್ಡ ಬಾಳೆತೋಟದ ಯಜಮಾನರು, ಅವರ ಮನೆಯವರು. ಅವರು ನಮ್ಮವರೇ, ಶಿಕ್ಷಕಿಗೆ ಸೋದರತ್ತೆಯ ಗಂಡ. ಶಾಲೆಗೆ ಕಾಂಪೌಂಡ್ ಕಟ್ಟಿಸಿಕೊಟ್ಟಿದ್ದರು. ಅಂದು ಅವರಿಗೆ ಶಾಲು ಹೊದಿಸುವುದಿತ್ತು. ಹಿಂದೆ, ಶಾಮಿಯಾನ ಮುಗಿದ ಕಡೆ, ಊರಾಚೆಯ ದಲಿತರ ಕಾಲೋನಿಯ ಜನ ನೆಲದ ಮೇಲೆ ಕೂತಿದ್ದರು. ನಾನು ವೇದಿಕೆಯಲ್ಲಿ. ನನ್ನಿಂದ ಎರಡು ಕುರ್ಚಿಯಾಚೆ ಮೇಜಿನ ಮೇಲೆ ಟೇಪ್ ರೆಕಾರ್ಡರು, ಅದರ ಬಾಯಿಗೆ ಹಿಡಿದ ಮೈಕು.

ಹೆಡ್ ಮಾಸ್ಟರು ಕೆಟ್ಟವರಲ್ಲ. ತೇನಿಯಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವ ತಮಿಳರು. ತಮ್ಮ ಶಾಲೆಯ ಹೊಸ ವಿದ್ಯೆಯನ್ನು ಊರಿಗೆ ತೋರಿಸುವ ಆಸೆಯಿಂದ, ಶಿಕ್ಷಕಿಯ ಮೇಜಿನ ಖಾನೆಯಲ್ಲಿ ಇನ್ನೂ ನನಗೆ ಕಳಿಸದೆ ಇದ್ದ ಕ್ಯಾಸೆಟ್ಟನ್ನು ತಾವೇ ತಂದು ಹಾಕಿದರು. ಶಿಕ್ಷಕಿ ಆಗ ಪಕ್ಕದ ಕೋಣೆಯಲ್ಲಿ ಕುಣಿತದ ಮಕ್ಕಳಿಗೆ ಜಡೆ ಹಾಕುತ್ತಿದ್ದಳು.

ಪಾಠದ ಹೆಸರು ನಮ್ಮೂರ ನೀರು. ಕಾಲೋನಿಯ ಒಂದು ಹೆಣ್ಣುಮಗು ಪಂಪ್‌ಸೆಟ್ಟಿನ ಹತ್ತಿರ ಹೋಗಿ, ಈ ಬಾವಿ ಎಷ್ಟು ಆಳ, ಬೇಸಗೆಯಲ್ಲಿ ನೀರು ಇರುತ್ತದೆಯೇ ಎಂದು ತಮಿಳಿನಲ್ಲಿ ಕೇಳುತ್ತಿತ್ತು. ಮೋಟಾರಿನ ಸದ್ದು. ಒಂದು ಹೆಂಗಸಿನ ಚುಟುಕು ಉತ್ತರ. ನಡಿಗೆಯ ಸದ್ದು, ದೂರದಲ್ಲಿ ಕೊಡದಿಂದ ನೀರು ಸುರಿದ ಸದ್ದು. ಆಮೇಲೆ ಟಕ್ ಎಂದು ಶಿಕ್ಷಕಿಯ ಧ್ವನಿ, ನಮ್ಮ ಮಾತಿನಲ್ಲಿ.

ಹೆಡ್ ಮಾಸ್ಟರ ಮುಖ ಅರಳಿತು. ಆ ಮನೆಯ ಹೆಣ್ಣು ಮುಖ್ಯ ಅತಿಥಿಗಳಿಗೆ ಅವರದೇ ಭಾಷೆಯಲ್ಲಿ ಸ್ವಾಗತ ಹೇಳುತ್ತಿದ್ದಾಳೆ ಎಂದುಕೊಂಡರು. "ಉಂಗ ಪಾಷೆ ಸಾರ್! ಕೇಳುಂಗ!" ಎಂದು ಯಜಮಾನರತ್ತ ಬಾಗಿ, ನಿಮ್ಮ ಭಾಷೆ, ಕೇಳಿ ಎಂದು ಉಪಚಾರ ಮಾಡಿ, ತಾವೇ ಕೈಯಾರೆ ಧ್ವನಿ ಏರಿಸಿದರು.

"ಕೇಳ್ದ್ರಾ ಅಣ್ಣಾ, ಕೊನೇಲಿ ತಣ್ಣಿ ಸುರ್ದ ಸದ್ದು? ಮಗು ಟೇಪ್ ಇಟ್ಟಿತ್ತಲ್ಲ, ಆ ಕಲ್ಲ ತೊಳೀತಾ ಅವ್ರೆ. ಕಾಲೋನಿ ಮಗು ಮುಟ್ಟಿದ್ದಕ್ಕೆ. ಪಾಪ, ಅದು ಟೇಪ್ ಎತ್ಕೊಂಡು ಈಚೆ ಬಂತು, ನಿಲ್ಸಕ್ ಮರ್ತಿತ್ತು. ತೊಳ್ದೋರು ಬ್ಯಾರೆ ಯಾರೂ ಅಲ್ಲ, ನಮ್ಮ ದೊಡ್ಡತ್ತೆ. ಮಾವ ಜಗ್ಲಿ ತಿಣ್ಣೆ ಮ್ಯಾಲೆ ಕುಂತು ನೋಡ್ತಾ ಇದ್ರು. ಇಂಥೋರಿಗೆ ಶಾಲ್ ಹೊದಿಸ್ತಾರಂತೆ ನಮ್ಮ ಹೆಡ್ ಮಾಸ್ಟ್ರು."

ನಾನು ಎದ್ದು ಗುಂಡಿ ಒತ್ತಬಹುದಿತ್ತು. ಎರಡು ಹೆಜ್ಜೆ. ಇಷ್ಟು ವರ್ಷಗಳಲ್ಲಿ ಆ ಎರಡು ಹೆಜ್ಜೆಯನ್ನು ಎಷ್ಟು ಸಲ ಇಟ್ಟಿದ್ದೇನೋ, ಪ್ರತಿ ಸಲವೂ ಕ್ಯಾಸೆಟ್ ನಿಲ್ಲುತ್ತದೆ, ಮಕ್ಕಳು ಕುಣಿಯುತ್ತಾರೆ, ಸಭೆ ಮುಗಿಯುತ್ತದೆ. ಅಂದು ಏಳಲಿಲ್ಲ. ಹೆದರಿ ಅಲ್ಲ. ನಮ್ಮ ಮನೆಯ ಮಾತು ಮೈಕಿನಲ್ಲಿ ಬಂದದ್ದನ್ನು ನಾನು ಹುಟ್ಟಿದ ಮೇಲೆ ಕೇಳಿದ್ದು ಅದೇ ಮೊದಲು. ಮೊದಲ ವಾಕ್ಯಕ್ಕೆ ನನಗೆ ಖುಷಿಯಾಯಿತು. ಖುಷಿ ಇಳಿಯುವಷ್ಟರಲ್ಲಿ ಅವಳು ಶಾಲಿನ ಮಾತಿಗೆ ಬಂದಿದ್ದಳು.

ಯಜಮಾನರು ಎದ್ದು ನಿಂತರು. ಕೂಗಲಿಲ್ಲ. ನನ್ನನ್ನೇ ನೋಡಿ ಕನ್ನಡದಲ್ಲಿ ಕೇಳಿದರು: "ಏನ್ ತಮ್ಮ, ಇಂಗೆ ಹೇಳು ಅಂತ ಇವ್ಳಿಗೆ ಹೇಳ್ಕೊಟ್ಟೋರು ಯಾರು?"

"ನಂಗೆ ತಿಳೀದು ಮಾಮ" ಎಂದೆ.

ಅಷ್ಟರಲ್ಲಿ ಶಿಕ್ಷಕಿ ಬಾಚಣಿಗೆ ಹಿಡಿದುಕೊಂಡೇ ಓಡಿ ಬಂದಿದ್ದಳು. ಅವಳ ದೊಡ್ಡತ್ತೆ ಅವಳ ಕೈ ಹಿಡಿದೆಳೆದರು. "ನಮ್ಮನೆ ಊಟ ಉಂಡ್ಕೊಂಡೇ ತಾನೇ ಟ್ರೈನಿಂಗ್ ಓದಿದ್ದು ನೀನು? ಮೈಕ್ ಕಟ್ಟಿ ಮಾನ ಕಳೀತೀಯೇನೇ?"

"ತೊಳೀಲಿಲ್ಲ ಅಂತ ಹೇಳಿ ಅತ್ತೆ. ಇಲ್ಲೇ, ಎಲ್ಲಾರ್ ಮುಂದೆ ಹೇಳಿ."

ಅಲ್ಲಿಗೂ ಅದು ನಮ್ಮವರೊಳಗಿನ ಜಗಳವಾಗಿಯೇ ಉಳಿಯುತ್ತದೆ ಎಂದು ನಾನು ನಂಬಿದ್ದೆ. ಹೆಡ್ ಮಾಸ್ಟರು ಅವಳು ಏನು ಹೇಳಿದಳು ಎಂದು ತಮಿಳಿನಲ್ಲಿ ಕೇಳಿದರು. ಕಾಲೋನಿಯ ಒಬ್ಬ ಮುದುಕ ಎದ್ದು, ಅವಸರವಿಲ್ಲದೆ, ಒಂದು ಮಾತೂ ಬಿಡದೆ, ಕಲ್ಲು, ಕೊಡ, ತಿಣ್ಣೆ, ಶಾಲು ಎಲ್ಲವನ್ನೂ ತಮಿಳಿನಲ್ಲಿ ಹೇಳಿದ. ನಲವತ್ತು ವರ್ಷ ನಮ್ಮವರ ತೋಟಗಳಲ್ಲಿ ಗೊನೆ ಕಡಿದವನು. ಅವನ ಎದುರಿಗೆ ನಿಂತು ನಮ್ಮವರು ನಲವತ್ತು ವರ್ಷ ಆಡಿಕೊಂಡದ್ದೆಲ್ಲ ಅವನಿಗೆ ತಿಳಿದಿತ್ತು. ಆ ಸಭೆಯಲ್ಲಿ ನಮ್ಮ ಮಾತು ತಿಳಿಯದ ಮನುಷ್ಯ ಹೆಡ್ ಮಾಸ್ಟರು ಒಬ್ಬರೇ ಇರಬೇಕು.

ಹಿಂದಿನವರು ಎದ್ದರು. ಮುಂದಿನವರು ತಿರುಗಿದರು. ಮೊದಲ ಕಬ್ಬಿಣದ ಕುರ್ಚಿ ಯಾವ ಕಡೆಯಿಂದ ಬಂತೋ ನಾನು ನೋಡಲಿಲ್ಲ. ಪೊಲೀಸರಿಗೂ ಹಾಗೆಯೇ ಹೇಳಿದೆ. ಶಿಕ್ಷಕಿ ಆ ಹೆಣ್ಣುಮಗುವನ್ನು ಎತ್ತಿಕೊಂಡು, ಇನ್ನಷ್ಟು ಮಕ್ಕಳನ್ನು ತಳ್ಳಿಕೊಂಡು ತರಗತಿಯೊಳಗೆ ಓಡಿದಳು. ನಾನೂ ಓಡಿದೆ. ಆ ಬಾಗಿಲಿಗೆ ಚಿಲಕ ಇದ್ದದ್ದು ಹೊರಗಡೆ ಮಾತ್ರ. ಬೆಂಚು ಅಡ್ಡ ಇಟ್ಟು ಇಬ್ಬರೂ ಬೆನ್ನು ಕೊಟ್ಟು ಕೂತೆವು. ಹೊರಗಿನ ಪ್ರತಿ ಒದೆ ನನ್ನ ಬೆನ್ನೆಲುಬಿಗೆ ಬರುತ್ತಿತ್ತು. ಕಿಟಕಿಯ ಸರಳಿನ ನಡುವೆ ಒಂದು ತೋಳು ಒಳಗೆ ಬಂತು, ಕೈಯಲ್ಲಿ ಗೊನೆ ಕಡಿಯುವ ಕತ್ತಿ. ಅದರ ಹಿಂದಿದ್ದವನು ನಮ್ಮ ಮಾತಿನಲ್ಲೇ ಕೂಗಿದ: "ಕ್ಯಾಸೆಟ್ ಕೊಡು! ಕೊಟ್ಟ್ರೆ ಹೋಗ್ತೀವಿ!"

ಕ್ಯಾಸೆಟ್ ಅವಳ ಕೈಯಲ್ಲಿತ್ತು. ಓಡುವಾಗ ಮೇಜಿನಿಂದ ಕಿತ್ತುಕೊಂಡು ಬಂದಿದ್ದಳು.

"ಕೊಟ್ಬಿಡು" ಎಂದೆ.

"ಕೊಡಲ್ಲ ಅಣ್ಣಾ. ಇದ್ ಹೋದ್ರೆ ನಾನ್ ಸುಳ್ಳು ಹೇಳ್ದೆ ಅಂತಾರೆ. ಈ ಮಗೂನೂ ಸುಳ್ಳು ಅಂತಾರೆ."

ನಾನು ಅವಳ ಬೆರಳು ಒಂದೊಂದಾಗಿ ಬಿಡಿಸಿದೆ. ಅವಳು ಉಗುರಿನಿಂದ ಪರಚಿದಳು. ಕಿತ್ತುಕೊಂಡು ಸರಳಿನಾಚೆ ಎಸೆದೆ. ಹೊರಗೆ ಅದನ್ನು ಕಾಲಲ್ಲಿ ತುಳಿದ ಸದ್ದು ಕೇಳಿಸಿತು. ಅವರು ಹೋದರು, ಅದು ನಿಜ. ಮಕ್ಕಳಲ್ಲಿ ಯಾರಿಗೂ ಗಾಯವಾಗಲಿಲ್ಲ, ಅದೂ ನಿಜ. ಅದನ್ನೇ ನನಗೆ ನಾನು ಹೇಳಿಕೊಳ್ಳುತ್ತೇನೆ. ಆದರೆ ಕತ್ತಿ ಕಿಟಕಿಯೊಳಗೆ ಬಂದದ್ದು ನನಗೆ ಎಷ್ಟು ಹತ್ತಿರವಾಗಿತ್ತೋ ಅವಳಿಗೂ ಅಷ್ಟೇ ಹತ್ತಿರವಾಗಿತ್ತು. ಅವಳು ಕೈ ಬಿಟ್ಟಿರಲಿಲ್ಲ.

ಹದಿನೈದು ದಿನದಲ್ಲಿ ಅವಳನ್ನು ಅಮಾನತು ಮಾಡಿದರು. ಊರಿನ ಗೌರವಸ್ಥರ ಮೇಲೆ ಸುಳ್ಳು ಅಪವಾದ ಹೊರಿಸಿ, ಅದನ್ನು ಶಾಲೆಗೆ ಸಂಬಂಧವಿಲ್ಲದ ಭಾಷೆಯಲ್ಲಿ ಧ್ವನಿಮುದ್ರಿಸಿ, ಗಲಭೆಗೆ ಕಾರಣಳಾದಳು ಎಂದು ಆರೋಪ. ಯಜಮಾನರಿಗೆ ಬೇರೊಂದು ಸಭೆಯಲ್ಲಿ ಶಾಲು ಹೊದಿಸಿದರು. ಆ ಹೆಣ್ಣುಮಗುವನ್ನು ತಂದೆ ಶಾಲೆ ಬಿಡಿಸಿ ಬೋಡಿಯ ಬೆಟ್ಟದ ಮೇಲಿನ ಏಲಕ್ಕಿ ತೋಟಕ್ಕೆ ಕೂಲಿಗೆ ಕರೆದುಕೊಂಡು ಹೋದ.

ಅವಳು ದಿಂಡಿಗಲ್ಲಿಗೆ ಬಂದಳು, ಒಬ್ಬಳೇ, ಬೆಳಗಿನ ಮೊದಲ ಬಸ್ಸಿಗೆ. ನೀರು ಕೊಟ್ಟರೆ ಕುಡಿಯಲಿಲ್ಲ.

"ಕ್ಯಾಸೆಟ್ ಇಲ್ಲ. ಹೋಗ್ಲಿ ಬಿಡಿ. ಅಂಗೆ ಹೇಳು ಅಂತ ಹೇಳಿದ್ದು ನಾನು ಅಂತ ಒಂದ್ ಕಾಗ್ದ ಕೊಡಿ ಅಣ್ಣಾ. ಅದು ಟ್ರೈನಿಂಗ್ ಕೆಲ್ಸ, ನನ್ ಸ್ವಂತ ಕೊಬ್ಬಲ್ಲ ಅಂತ. ಅಷ್ಟಿದ್ರೆ ಕೆಲ್ಸ ಉಳೀತದೆ ಅಂತ ಯೂನಿಯನ್‌ನೋರು ಹೇಳ್ತಾರೆ."

ನಿರ್ದೇಶಕರನ್ನು ಕೇಳಬೇಕು, ಹೊರಗೆ ಕೂತಿರು ಎಂದೆ. ಒಂದೂವರೆ ಗಂಟೆ ಕೂರಿಸಿದೆ. ನಾಲ್ಕು ಸಲ ಬರೆದು ಹರಿದೆ. ಕೊನೆಗೆ ಟೈಪ್ ಮಾಡಿಸಿದ ಕಾಗದದಲ್ಲಿ, ತರಬೇತಿಯಲ್ಲಿ ಶಿಕ್ಷಕರು ತಮ್ಮ ಅಭಿಪ್ರಾಯಗಳನ್ನು ಧ್ವನಿಮುದ್ರಿಸಬಹುದೆಂದು ಸಾಮಾನ್ಯವಾಗಿ ಸೂಚಿಸಲಾಗಿತ್ತು ಎಂದಿತ್ತು. ಯಾರು ಸೂಚಿಸಿದರು ಎಂದಿರಲಿಲ್ಲ. ಯಾವ ಭಾಷೆ ಎಂದೂ ಇರಲಿಲ್ಲ.

ಅವಳು ನಿಂತೇ ಓದಿದಳು, ಎರಡು ಸಲ.

"'ನಾನು' ಅಂತ ಒಂದ್ ಮಾತು ಸೇರ್ಸಿ ಕೊಡಕ್ ಆಗಲ್ವಾ ಅಣ್ಣಾ?"

"ನಿರ್ದೇಶಕರು ಸೈನ್ ಮಾಡ್ಬಿಟ್ಟವ್ರೆ. ಇನ್ನು ತಿದ್ದಕ್ ಆಗಲ್ಲ."

ಅವಳು ಕಾಗದದ ಕೆಳತುದಿಯನ್ನು ನೋಡಿದಳು, ಆಮೇಲೆ ನನ್ನನ್ನು. ಅದನ್ನು ಮಡಿಸದೆ ಮೇಜಿನ ಮೇಲಿಟ್ಟು ಮೆಟ್ಟಿಲಿಳಿದು ಹೋದಳು. ಅವಳಿಗೆ ಆ ಕೆಲಸ ಮತ್ತೆ ಸಿಗಲಿಲ್ಲ. ನಿರ್ದೇಶಕರು ಆ ವಾರ ಊರಲ್ಲೇ ಇರಲಿಲ್ಲ. ಕಾಗದದ ಕೆಳಗಿದ್ದದ್ದು ನನ್ನ ಸಹಿ ಒಂದೇ. ಅದನ್ನು ನೋಡಿಕೊಂಡೇ ಅವಳು ಆ 'ನಾನು' ಕೇಳಿದ್ದಳು.