ಸುಬ್ಬಯ್ಯನ್ ಬ್ರೇಕಿಗೆ ತುಂಬಿದ ಎಣ್ಣೆ

ಅವಿನಾಶಿಯಿಂದ ತಿರುಪ್ಪೂರಿಗೆ ಹೋಗುವ ರಸ್ತೆಯ ಬದಿಯಲ್ಲಿ ಸುಬ್ಬಯ್ಯನ್‌ನ ಸೈಕಲ್ ಅಂಗಡಿ. ಅಂಗಡಿ ಎಂದರೆ ಒಂದು ತಗಡಿನ ಮಾಡು, ಪಂಕ್ಚರ್ ನೋಡಲು ಒಂದು ನೀರಿನ ಬಾಣಲೆ, ಮತ್ತು ಅಗುಳಿ ಇಲ್ಲದ ಅವನ ಬಾಯಿ. ಆ ಬಾಯಿಗೆ ಸಿಕ್ಕದವರು ಆ ರಸ್ತೆಯಲ್ಲಿ ಇರಲಿಲ್ಲ. ಬನಿಯನ್ ಕಂಪನಿಯವರಿಗೆ ಅಹಂಕಾರ, ಮೊಪೆಡ್‌ನವರಿಗೆ ಸೋಮಾರಿತನ, ಗೇರ್ ಸೈಕಲ್‌ನವರಿಗೆ ಮಂಡಿಯಲ್ಲಿ ಬಲವಿಲ್ಲ. ಹೆಂಡತಿ ಬೆಳ್ಳಿಯಮ್ಮನ ಅಣ್ಣ ಕಾಂಗೇಯದಲ್ಲಿ ತೆಂಗಿನೆಣ್ಣೆ ಮಿಲ್ ಇಟ್ಟಿದ್ದ. ಅವನ ತಲೆಯೊಳಗೂ ಹಿಂಡಿಯೇ ಇದೆ ಎಂದು ಸುಬ್ಬಯ್ಯನ್ ಹಬ್ಬದ ಊಟದ ಎಲೆಯ ಮುಂದೆಯೇ ಹೇಳುತ್ತಿದ್ದ.

ಸುಬ್ಬಯ್ಯನ್ ಯಾರ ಕೈಕೆಳಗೂ ಕಲಿತವನಲ್ಲ. ಬಾಡಿಗೆ ಸೈಕಲ್ ಬಿಚ್ಚಿ, ಕೆಡಿಸಿ, ಬೈಸಿಕೊಂಡು ಕಲಿತವನು. ಅದೇ ಅವನ ಹೆಮ್ಮೆ, ಅದೇ ಅವನ ರೋಗ. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತಮಿಳು; ಕನ್ನಡದ ಅಕ್ಷರ ಮಾತ್ರ ಅವನ ಕಣ್ಣಿಗೆ ಕೋಳಿ ಕೆದರಿದ ಅಂಗಳ. ಓದಿದವರು ಕಾಗದ ನೋಡಿ ಬದುಕುತ್ತಾರೆ, ತಾನು ಕಬ್ಬಿಣ ನೋಡಿ ಬದುಕುತ್ತೇನೆ ಎಂದು ಮೀಸೆ ಒರೆಸಿಕೊಳ್ಳುತ್ತಿದ್ದ.

ಎರಡು ಸಾವಿರದ ಏಳನೆಯ ಇಸವಿ. ತಿರುಪ್ಪೂರಿನ ಡೈಯಿಂಗ್ ಫ್ಯಾಕ್ಟರಿಯೊಂದರಲ್ಲಿ ಇಂಜಿನಿಯರ್ ಆಗಿದ್ದ ಹಾಸನದ ಕಡೆಯ ಹುಡುಗ ವಿಶ್ವಾಸ್ ಒಂದು ಸೈಕಲ್ ತಳ್ಳಿಕೊಂಡು ಬಂದ. ಬಟ್ಟೆ ಪರೀಕ್ಷಿಸಲು ಬಂದಿದ್ದ ಪರದೇಶದವನೊಬ್ಬ ಊರಿಗೆ ಹೋಗುವಾಗ ಮಾರಿದ ಸೈಕಲ್ ಅದು. ಚಕ್ರದ ನಡುವೆ ಉಕ್ಕಿನ ತಟ್ಟೆ. ಬ್ರೇಕಿಗೆ ತಂತಿ ಇಲ್ಲ, ಬದಲಿಗೆ ಎಣ್ಣೆ ತುಂಬಿದ ಸಣ್ಣ ಕೊಳವೆ. ಲಿವರ್ ಒತ್ತಿದರೆ ಹ್ಯಾಂಡಲ್‌ಗೇ ಹೋಗಿ ಅಂಟುತ್ತಿತ್ತು, ಸೈಕಲ್ ಮಾತ್ರ ನಿಲ್ಲುತ್ತಿರಲಿಲ್ಲ.

ಸುಬ್ಬಯ್ಯನ್ ಒಂದು ಗಳಿಗೆ ನೋಡಿದ. ಒಳಗೆ ಗಾಳಿ ಸೇರಿದೆ, ಎಣ್ಣೆ ಸೋರಿದೆ ಎಂದ. ಅಷ್ಟನ್ನು ಅವನು ಸರಿಯಾಗಿಯೇ ಹಿಡಿದಿದ್ದ. ವಿಶ್ವಾಸ್ ಲಿವರ್ ಮೇಲಿನ ಸಣ್ಣ ಅಕ್ಷರ ಓದಿ, ಇದಕ್ಕೆ ಕಾರಿನ ಬ್ರೇಕ್ ಎಣ್ಣೆ ಹಾಕಬಾರದು, ಇದಕ್ಕೇ ಬೇರೆ ಎಣ್ಣೆ ಬರುತ್ತದೆ, ಕೊಯಮತ್ತೂರಿನಲ್ಲಿ ವಿಚಾರಿಸುತ್ತೇನೆ ಎಂದ.

"ಎಣ್ಣೆಗೂ ಜಾತಿ ಕಟ್ಟಿದೀರಾ ತಂಬಿ? ಬಿಟ್ಟು ಹೋಗು. ನಾಳೆ ಬಾ," ಎಂದ ಸುಬ್ಬಯ್ಯನ್.

ದನಕ್ಕೆ ಸೂಜಿ ಚುಚ್ಚುವ ಡಾಕ್ಟರ ಹತ್ತಿರ ದಪ್ಪ ಸಿರಿಂಜ್ ಇಸಿದುಕೊಂಡು ಬಂದ. ಕಾರಿನದು ಆಗುವುದಿಲ್ಲ ತಾನೆ? ಮನೆಯಲ್ಲಿ ಡಬ್ಬದ ತುಂಬ ಭಾವಮೈದುನನ ಮಿಲ್ಲಿನ ತೆಂಗಿನೆಣ್ಣೆ ಇತ್ತು. ಗಾಜಿನ ಹಾಗೆ ತಿಳಿ. ಅದನ್ನೇ ಸೋಸಿ, ಕೆಳಗಿನ ತೂತಿನಿಂದ ಮೇಲಕ್ಕೆ ತಳ್ಳಿ, ಗುಳ್ಳೆ ನಿಲ್ಲುವವರೆಗೆ ಲಿವರ್ ಒತ್ತಿದ. ಬ್ರೇಕ್ ಪ್ಯಾಡನ್ನು ಒರಟು ಉಪ್ಪುಕಾಗದದಿಂದ ಉಜ್ಜಿದ, ತಟ್ಟೆ ಒರೆಸಿದ. ಮರುದಿನದ ಬಿಸಿಲಿನಲ್ಲಿ ಬ್ರೇಕ್ ಒತ್ತಿದರೆ ಸೈಕಲ್ ಕಟ್ಟಿಹಾಕಿದ ಎತ್ತಿನ ಹಾಗೆ ನಿಂತಿತು. ವಿಶ್ವಾಸ್ ಎರಡೂ ಕೈ ಮುಗಿದ. ಯಾವ ಎಣ್ಣೆ ಎಂದು ಕೇಳಿದ್ದಕ್ಕೆ, ಮನೆ ಮದ್ದು ಎಂದ ಸುಬ್ಬಯ್ಯನ್.

ಆಮೇಲೆ ಎದುರಿನ ರಾಮಸಾಮಿಯ ಟೀ ಅಂಗಡಿಯಲ್ಲಿ ಕುಳಿತವರ ಕಿವಿ ಉಳಿಯಲಿಲ್ಲ. ಪರದೇಶದವನಿಗೆ ಆಗದ್ದು ತನಗಾಯಿತು, ಇಂಜಿನಿಯರ್‌ಗಳು ಸಿರಿಂಜ್ ಹಿಡಿಯಲೂ ಲಾಯಕ್ಕಲ್ಲ ಎಂದು ಕಾರ್ತಿಕ ಪೂರ್ತಿ ಕೊರೆದ.

ಚಳಿಯ ತಿಂಗಳು ಮಾರ್ಗಳಿ ಹುಟ್ಟಿತು. ಒಂದು ಭಾನುವಾರ ಬೆಳಿಗ್ಗೆ ಚಳಿಗೆ ಟವಲ್ ಹೊದ್ದು ಅಂಗಳಕ್ಕೆ ಬಂದರೆ, ಬೆಳ್ಳಿಯಮ್ಮ ತಲೆಗೆ ಹಚ್ಚುವ ಎಣ್ಣೆಯ ಸೀಸೆಯನ್ನು ತಲೆಕೆಳಗು ಹಿಡಿದು ಬಡಿಯುತ್ತಿದ್ದಳು. ಒಳಗೆ ಎಣ್ಣೆ ಬೆಳ್ಳಗೆ ಮೇಣದ ಹಾಗೆ ಕಟ್ಟಿಕೊಂಡಿತ್ತು. ವರ್ಷಾ ವರ್ಷ ಕಂಡ ನೋಟವೇ. ಈ ಸಲ ಮಾತ್ರ ಸುಬ್ಬಯ್ಯನ್ ಸೀಸೆಯನ್ನು ಕಸಿದುಕೊಂಡು ಬೆಳಕಿಗೆ ಹಿಡಿದ. ವಿಶ್ವಾಸ್ ಇದೇ ಭಾನುವಾರ ಗೆಳೆಯರ ಜೊತೆ ಸೈಕಲ್‌ಗಳನ್ನು ವ್ಯಾನಿಗೆ ಹಾಕಿಕೊಂಡು ಊಟಿಗೆ ಹೋಗಿ, ಘಾಟಿಯಲ್ಲಿ ತುಳಿಯದೆ ಇಳಿದು ಬರುವುದಾಗಿ ಹೇಳಿದ್ದ.

ಅವನು ಡಬ್ಬದ ಎಣ್ಣೆ ಸೋಸಿಕೊಂಡು ಹೋದದ್ದನ್ನು ಕಂಡಿದ್ದ ಬೆಳ್ಳಿಯಮ್ಮನಿಗೆ ಗಂಡನ ಮುಖ ನೋಡಿ ಎಲ್ಲ ತಿಳಿಯಿತು.

"ಆ ಹುಡುಗನ ಬಂಡಿಗೆ ಇದನ್ನಾ ತುಂಬ್ದೆ? ನಮ್ಮಣ್ಣನ ತಲೇಲಿ ಹಿಂಡಿ ಅಂತೀಯಲ್ಲ, ನಿನ್ ತಲೇಲಿ ಏನೈತೆ?"

"ಬ್ರೇಕ್ ಟೈಟ್ ಮಾಡ್ಬೇಕು, ಬಂಡಿ ಇಳ್ಸು ಅಂತೀನಿ. ಅಷ್ಟು ಸಾಕು."

"ಸಾಕಾಗಲ್ಲ. ನಿಜ ಹೇಳು. ಹೇಳಕ್ಕಾಗ್ದಿದ್ರೆ ನಾ ಬರ್ತೀನಿ."

ಅವನು ರಸ್ತೆಗೆ ಬರುವಷ್ಟರಲ್ಲಿ ವ್ಯಾನ್ ರಾಮಸಾಮಿಯ ಅಂಗಡಿಯ ಮುಂದೆಯೇ ನಿಂತಿತ್ತು. ತನ್ನ ಬ್ರೇಕ್ ಸರಿಮಾಡಿದ ಮನುಷ್ಯನನ್ನು ಗೆಳೆಯರಿಗೆ ತೋರಿಸಬೇಕೆಂದು ವಿಶ್ವಾಸ್ ತಾನೇ ನಿಲ್ಲಿಸಿದ್ದ. ಬೆಂಚಿನ ಮೇಲೆ ದಿನದ ಗಿರಾಕಿಗಳೆಲ್ಲ ಇದ್ದರು. ಸೈಕಲ್‌ಗಳನ್ನು ವ್ಯಾನಿನ ಮೇಲೆ ಹಗ್ಗದಲ್ಲಿ ಬಿಗಿದಿದ್ದರು. ವಿಶ್ವಾಸ್ ಏಣಿ ಹತ್ತಿ ಲಿವರನ್ನು ಬಲವಾಗಿ ಒತ್ತಿ, ಮೊದಲಿಗಿಂತ ಗಟ್ಟಿಯಾಗಿದೆ, ಕಲ್ಲಿನ ಹಾಗಿದೆ ಎಂದು ಮೇಲಿಂದಲೇ ಹೊಗಳಿದ.

ಸುಬ್ಬಯ್ಯನ್ ಟವಲ್ ಬಿಗಿದುಕೊಂಡು, ಬ್ರೇಕ್ ಸ್ವಲ್ಪ ನೋಡಬೇಕು, ಇವತ್ತು ಸೈಕಲ್ ಬಿಟ್ಟು ಹೋಗು ಎಂದ. ಗೋಪಿನಾಥ್ ಎಂಬ ಗೆಳೆಯ ಗಡಿಯಾರ ತೋರಿಸಿ, ಮುದುಕ ಸುಮ್ಮನೆ ಹೆದರಿಸುತ್ತಿದ್ದಾನೆ, ಹೊತ್ತಾಯಿತು, ವ್ಯಾನ್ ಹತ್ತು ಎಂದ. ಡ್ರೈವರ್ ಗಾಡಿ ಶುರು ಮಾಡಿದ.

"ನೀವು ಮಾಡಿದ ಕೆಲಸ ಅಲ್ವಾ ಅಣ್ಣ? ನನಗೆ ಯಾವ ಭಯಾನೂ ಇಲ್ಲ," ಎಂದ ವಿಶ್ವಾಸ್ ಒಳಗೆ ಕುಳಿತು.

ಸುಬ್ಬಯ್ಯನ್ ಬೆಂಚಿನ ಕಡೆ ಒಮ್ಮೆ ನೋಡಿದ. ಮನೆಯ ಬಾಗಿಲಲ್ಲಿ ಬೆಳ್ಳಿಯಮ್ಮ ಸೆರಗು ಸಿಕ್ಕಿಸಿಕೊಂಡು ಹೊರಡುತ್ತಿದ್ದಳು. ಅವನು ಹೋಗಿ ವ್ಯಾನಿನ ಮುಂದೆ ನಿಂತ.

"ಅದ್ರಲ್ಲಿರೋದು ತೇಂಗಾಯೆಣ್ಣೆ," ಎಂದ. ಯಾರಿಗೂ ಅರ್ಥವಾಗಲಿಲ್ಲ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದ. "ತಲೆಗೆ ಹಚ್ಕೊಳ್ಳೋ ತೇಂಗಾಯೆಣ್ಣೆ. ಊಟಿ ಚಳೀಲಿ ಕಟ್ಕೊಂಡ್ರೆ ಹಿಡಿದ ಬ್ರೇಕ್ ಬಿಡಲ್ಲ, ಬಿಟ್ಟ ಬ್ರೇಕ್ ಹಿಡಿಯಲ್ಲ. ಇಳ್ಸು ತಂಬಿ."

ಮೊದಲು ನಕ್ಕವನು ಗೋಪಿನಾಥ್. ಆಮೇಲೆ ಬೆಂಚಿಗೆ ಬೆಂಚೇ ನಕ್ಕಿತು. ರಾಮಸಾಮಿ, ಏನುಂಗಣ್ಣಾ, ನಮ್ ಬಂಡಿಗೂ ಒಂದ್ ತೊಟ್ಟು, ಸೀಗೇಕಾಯಿನೂ ಸೇರ್ಸಿ ಎಂದ. ವಿಶ್ವಾಸ್ ನಗಲಿಲ್ಲ. ಮುಖ ಬಿಳಿಚಿಕೊಂಡು ಇಳಿದ, ಹಗ್ಗ ಬಿಚ್ಚಿದ, ಸೈಕಲ್ಲನ್ನು ಸುಬ್ಬಯ್ಯನ್‌ನ ಮುಂದೆ ನಿಲ್ಲಿಸಿದ. ಎಲ್ಲ ಎಣ್ಣೆ ತೆಗೆಯಿರಿ, ಸರಿಯಾದದ್ದನ್ನು ನಾನೇ ತರುತ್ತೇನೆ, ಅಲ್ಲಿಯವರೆಗೆ ಏನೂ ಹಾಕಬೇಡಿ ಎಂದಷ್ಟೇ ಹೇಳಿ ವ್ಯಾನ್ ಹತ್ತಿದ.

"ನಗ್ರಿ," ಎಂದ ಸುಬ್ಬಯ್ಯನ್ ಬೆಂಚಿನ ಕಡೆ ತಿರುಗಿ. "ಆ ಹುಡುಗ ಸಂಜೆ ಕೈಕಾಲು ನೆಟ್ಟಗೆ ಇಟ್ಕೊಂಡು ಬರ್ತಾನಲ್ಲ, ಅವನ ಮುಂದೆ ಕೂತ್ಕೊಂಡು ಇನ್ನೂ ನಗ್ರಿ."

ಸೈಕಲ್ ತಳ್ಳಿದ. ಮುಂದಿನ ಚಕ್ರ ಕದಲಲಿಲ್ಲ. ವಿಶ್ವಾಸ್ ಒತ್ತಿ ನೋಡಿದ ಬ್ರೇಕ್ ಒತ್ತಿದ ಹಾಗೆಯೇ ಕಚ್ಚಿಕೊಂಡಿತ್ತು. ನಗು ಇನ್ನೊಮ್ಮೆ ಎದ್ದಿತು. ಅವನು ಹ್ಯಾಂಡಲ್ ಎತ್ತಿ ಹಿಡಿದು, ಹಿಂದಿನ ಚಕ್ರದ ಮೇಲೆ ಉರುಳಿಸಿಕೊಂಡು, ಬರುವ ಬಸ್ಸುಗಳನ್ನು ನಿಲ್ಲಿಸಿ ನಿಧಾನವಾಗಿ ರಸ್ತೆ ದಾಟಿದ.