ಹಗೇವಿನ ಮೇಲೆ ಟೈಲ್ಸ್

ಮನೆಗಳನ್ನು ಹೊಸದು ಮಾಡುವ ಟಿವಿ ಸ್ಪರ್ಧೆಯೊಂದಕ್ಕೆ ಸವದತ್ತಿಯ ನಮ್ಮ ಮನೆ ಆಯ್ಕೆಯಾಗಿತ್ತು. ನಮ್ಮದು ಒಂದು ತಂಡಕ್ಕೆ, ರಾಮದುರ್ಗದ ಮನೆಯೊಂದು ಇನ್ನೊಂದು ತಂಡಕ್ಕೆ. ಕೆಲಸ ಮುಗಿಯುವವರೆಗೆ ನಾನೂ ಅವ್ವನೂ ಬೈಲಹೊಂಗಲದಲ್ಲಿ ಚಿಗವ್ವನ ಮನೆಯಲ್ಲಿದ್ದೆವು.

ವಾಪಸು ಬಂದಾಗ ಕ್ಯಾಮೆರಾದ ಮುಂದೆ ನಮ್ಮ ಕಣ್ಣಿನ ಪಟ್ಟಿ ಬಿಚ್ಚಿದರು. ಪಡಸಾಲೆಯ ತುಂಬ ಬಿಳಿ ಟೈಲ್ಸ್ ಹೊಳೆಯುತ್ತಿದ್ದವು. ಅವ್ವ ನೆಲವನ್ನೇ ಹುಡುಕಿದಳು.

"ಇಲ್ಲೆ ನಮ್ಮ ಹಗೇವು ಇತ್ತಲ್ರೀ, ಅದರ ಬಾಯಿಗಲ್ಲು ಎಲ್ಲೈತಿ?"

"ನೆಲದೊಳಗಿನ ಆ ಗುಂಡೀನಾ ಅಮ್ಮ? ಕಾಂಕ್ರೀಟ್ ಹಾಕಿ ಮುಚ್ಚಿದ್ವಿ," ಎಂದಳು ತಂಡದ ಹುಡುಗಿ, ಖುಷಿಯಿಂದ.

"ಅದರಾಗ ವರ್ಷದ ಜೋಳ ಇತ್ತವಾ!"

ಹುಡುಗಿಯ ಮುಖ ಬಿಳಿಚಿತು. ಅವ್ವ ಅಲ್ಲೇ ಕುಸಿದು ಕುಳಿತು ಅತ್ತಳು.

ಮರುದಿನ ಗೌಂಡಿಯನ್ನು ಕರೆಸಿ ಟೈಲ್ಸ್ ಒಡೆಸಿದೆವು. ಅರ್ಧ ಜೋಳ ಸಿಮೆಂಟ್ ನೀರು ಕುಡಿದು ಕಲ್ಲಾಗಿತ್ತು.

ಎರಡು ತಿಂಗಳ ನಂತರ ಆ ಸಂಚಿಕೆ ಬಂತು. ಅವ್ವನ ಮಾತೊಂದೂ ಅದರಲ್ಲಿರಲಿಲ್ಲ. ಅವಳ ಅಳುವಿಗೆ ಕೊಳಲಿನ ಸಂಗೀತ ಹಾಕಿ, ಕೆಳಗೆ 'ಆನಂದಬಾಷ್ಪ' ಎಂದು ಬರೆದಿದ್ದರು. ನಮ್ಮ ಮನೆ ಮಾಡಿದ ತಂಡಕ್ಕೇ ಮೊದಲ ಬಹುಮಾನ ಬಂದಿತ್ತು.

ಅವ್ವ ದಿಗಿಲಿನಿಂದ ನನ್ನತ್ತ ತಿರುಗಿದಳು. "ನಾ ಖುಷಿಗೆ ಅತ್ತಿದ್ದಿಲ್ಲಲ್ಲೋ?"

"ಇಲ್ಲಬೇ," ಎಂದೆ.