ಕೊರಿಯಾದ ಮದುವೆ ಊಟ

ಬೊಮ್ಮಸಂದ್ರದ ಫ್ಯಾಕ್ಟರಿ ಗೇಟು ಕಾಯುವಾಗ ಕೊರಿಯಾ ಸಾಹೇಬರಿಗೆ ಮುದ್ದೆ ನುಂಗೋದು ಕಲಿಸಿದವನೇ ನಾನು. ಸಾಹೇಬರು ದೇಶಕ್ಕೆ ಹೋದರು, ಫ್ಯಾಕ್ಟರಿನೂ ಮುಚ್ಚಿತು, ಸುಳ್ಳು ಅನ್ನೋಕೆ ಯಾರೂ ಇಲ್ಲ. ಹಾಗಾಗಿ ನಮ್ಮಲ್ಲಿ ಬಾಡಿಗೆಗಿರೋ ಹಾವೇರಿ ಹುಡುಗಿ ರೇಣುಕಾ ಕೊರಿಯಾ ಸಿನಿಮಾ ಹಾಕಿದರೆ ಅರ್ಥ ಹೇಳೋದು ನಾನೇ.

ಮೊನ್ನೆ ಸಿನಿಮಾದಲ್ಲಿ ಕರಿ ಕೋಟಿನ ಜನ ಕವರು ಕೊಟ್ಟು, ಹೂವಿನ ನಡುವೆ ಇಟ್ಟ ಫೋಟೋಗೆ ಅಡ್ಡಬಿದ್ದು, ಊಟಕ್ಕೆ ಕೂತರು.

"ಮದುವೆ ಕಣವ್ವ. ಮುಯ್ಯಿ, ಊಟ ಎಲ್ಲ ನಮ್ಮ ಹಾಗೇ," ಅಂದೆ.

"ಒಬ್ಬಾಕಿ ಅಳಾಕತ್ತಾಳಲ್ರೀ ಅಜ್ಜಾರ?"

"ಹೆಣ್ಣು ಕಳಿಸೋವಾಗ ಅಳದೆ ನಗ್ತಾರಾ?"

"ಇದು ಸತ್ತವ್ರ ಮನಿ ಇದ್ದಂಗೈತ್ರೀ."

"ಸಾವಿನ ಮನೇಲಿ ಯಾರಾದ್ರೂ ಒಲೆ ಹಚ್ತಾರಾ?"

ರೇಣುಕಾ ಸಿನಿಮಾ ನಿಲ್ಲಿಸಿ ಫೋಟೋಗೆ ಬೆರಳಿಟ್ಟಳು. "ಹಂಗಾರ ಮದುಮಗಳು ಹಣ್ಣು ಮುದುಕಿ ಅದಾಳಲ್ರೀ?"

ಕಟ್ಟಿಕೊಂಡ ಹೆಸರು ಹೋಗೋ ಹೊತ್ತು. ಹೆಗಲು ಕುಣಿಸಿ ಅಂದೆ: "ಆ ದೇಶದಲ್ಲಿ ಮದುವೆ ಸ್ವಲ್ಪ ನಿಧಾನ ಕಣವ್ವ."